ನಮ್ಮ ಹೊಲಕ್ಕೆ ಬಂದ ಸಾರಜನಕ ಎಲ್ಲಿ ಹೋಯ್ತು? ಲೆಕ್ಕ ಕೂಡುತ್ತಿಲ್ಲ, ಸ್ವಲ್ಪ ನೋಡಿ

ಮೂಡಲಸೀಮೆ

ಎಲ್ಲರಿಗೂ ನಮಸ್ಕಾರ. ಮುಳಬಾಗಿಲು ಕಡೆ ನಮ್ಮದು 3 ಎಕರೆ ಇದೆ. ಅಪ್ಪ, ಅಮ್ಮ ನೋಡಿಕೊಳ್ಳುತ್ತಾರೆ. ನಾನು ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದೇನೆ, ಶನಿವಾರ ಬಸ್ ಹತ್ತಿ ಊರಿಗೆ ಬರುತ್ತೇನೆ.

ಈ ಬೇಸಿಗೆ ಟೊಮೆಟೊ ತೆಗೆದ ಒಂದು ಎಕರೆಗೆ ಬೋರ್ ನೀರಿನಲ್ಲಿ ರಾಗಿ ಹಾಕಿದ್ದೆವು. ಯಾವಾಗಲೂ ಹಾಕುವ ಹಾಗೆ ಒಂದು ಮೂಟೆ ಯೂರಿಯಾ ಕೊಟ್ಟೆವು. ಪೈರು ಕಪ್ಪು ಹಸಿರಾಗಿ ಎದೆಮಟ್ಟ ಬಂತು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು. ತೆನೆ ತುಂಬುವ ಹೊತ್ತಿಗೆ ಒಂದು ಜೋರು ಮಳೆ ಬಿತ್ತು, ಪೂರ್ತಿ ಮಲಗಿಬಿಟ್ಟಿತು. ಅರ್ಧ ತೆನೆ ಮಣ್ಣಿನಲ್ಲೇ ಮೊಳೆಯಿತು. ಅಪ್ಪ ದೃಷ್ಟಿ ಆಯ್ತು ಅಂದರು. ಅಮ್ಮ ಗೊಬ್ಬರ ಜಾಸ್ತಿ ಆಯ್ತು ಅಂದರು. ಒಂದೇ ಮೂಟೆ ಹಾಕಿ ಜಾಸ್ತಿ ಹೇಗಾಗುತ್ತೆ ಅಂತ ನನಗೆ ತಲೆ ಕೆಟ್ಟಿತು.

ಕೆಲಸವೇ ಲೆಕ್ಕ ಬರೆಯುವುದಲ್ವಾ? ಹಾಗಾಗಿ ಹೊಲಕ್ಕೂ ಒಂದು ಖಾತೆ ತೆರೆದೆ. ರೂಪಾಯಿ ಬದಲು ಸಾರಜನಕ. ಗೇಟಿನ ಒಳಗೆ ಬಂದದ್ದು ಜಮಾ, ಹೊರಗೆ ಹೋದದ್ದು ಖರ್ಚು. ಒಳಗೆ ಹಸು ಹುಲ್ಲು ತಿಂದದ್ದು, ಸಗಣಿ ಹೊಲಕ್ಕೆ ಹೋದದ್ದು ಇವನ್ನೆಲ್ಲ ಬರೆದಿಲ್ಲ. ಅದು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿದ ಹಾಗೆ.

ಯೂರಿಯಾದಲ್ಲಿ ನೂರಕ್ಕೆ 46 ಭಾಗ ಸಾರಜನಕ. ಮೂಟೆ 45 ಕೆ.ಜಿ., ಅಂದರೆ ಒಂದು ಮೂಟೆಗೆ 20.7 ಕೆ.ಜಿ. ವರ್ಷಕ್ಕೆ 9 ಮೂಟೆ ಬಂತು, 186 ಕೆ.ಜಿ. ಆಯಿತು. ಡಿಎಪಿ ಗೊಬ್ಬರ 50 ಕೆ.ಜಿ.ಯ 6 ಮೂಟೆ, ಅದರಲ್ಲಿ ನೂರಕ್ಕೆ 18, ಅಲ್ಲಿಗೆ 54. ಕೋಳಿ ಗೊಬ್ಬರ 5 ಟನ್, ನೂರಕ್ಕೆ ಎರಡೂವರೆ ಅಂತ ಹಿಡಿದರೆ 125. ಎರಡು ಹಸುಗಳಿಗೆ ದಿನಕ್ಕೆ 8 ಕೆ.ಜಿ. ಫೀಡ್ ಕೊಡುತ್ತೇವೆ. ಚೀಲದ ಮೇಲೆ ಪ್ರೋಟೀನ್ 20% ಅಂತಿದೆ. ಪ್ರೋಟೀನ್ ಅನ್ನು 6.25ರಿಂದ ಭಾಗಿಸಿದರೆ ಸಾರಜನಕ ಸಿಗುತ್ತೆ ಅಂತ ಓದಿದೆ. ವರ್ಷಕ್ಕೆ 93 ಕೆ.ಜಿ. ಒಟ್ಟು ಜಮಾ 458.

ಈಗ ಖರ್ಚು. ಟೊಮೆಟೊ 15 ಕೆ.ಜಿ.ಯ 1,200 ಬಾಕ್ಸ್ ಮಂಡಿಗೆ ಹೋಯಿತು. ಅಷ್ಟೂ ಹಣ್ಣಿನಲ್ಲಿ ಇರುವುದು 27 ಕೆ.ಜಿ. ಸಾರಜನಕ ಅಷ್ಟೇ, ಉಳಿದದ್ದು ಬರೀ ನೀರು! ಡೈರಿಗೆ ಹಾಕಿದ ಹಾಲಿನಲ್ಲಿ 26. ಮಾರಿದ 8 ಕ್ವಿಂಟಲ್ ರಾಗಿಯಲ್ಲಿ 9. ಬೀನ್ಸ್ 2 ಟನ್, ಅದರಲ್ಲಿ 6. ಒಟ್ಟು 68.

ಒಳಗೆ 458, ಹೊರಗೆ 68. ಉಳಿದ 390 ಕೆ.ಜಿ. ಎಲ್ಲಿ? ಅಂದರೆ ಸುಮಾರು 19 ಮೂಟೆ ಯೂರಿಯಾ ಕಾಣೆ. ನಮ್ಮ ಆಫೀಸಿನಲ್ಲಿ ಹೀಗೆ ಬ್ಯಾಲೆನ್ಸ್ ಶೀಟ್ ತೋರಿಸಿದ್ದರೆ ಕೆಲಸದಿಂದ ತೆಗೆಯುತ್ತಿದ್ದರು.

ಟೊಮೆಟೊ_ತಲೆನೋವು

ನಿಮ್ಮ ಲೆಕ್ಕ ತಪ್ಪು ಅಣ್ಣ. ಡ್ರಿಪ್‌ನಲ್ಲಿ ಬಿಡೋದನ್ನ ಬರೆದೇ ಇಲ್ಲ. ನಿಮ್ಮಪ್ಪ ನೀರಲ್ಲಿ ಕರಗೋ 19-19-19 ಗೊಬ್ಬರ ಬಿಟ್ಟೇ ಬಿಟ್ಟಿರುತ್ತಾರೆ. ಕ್ಯಾಲ್ಸಿಯಂ ನೈಟ್ರೇಟ್ ಕೂಡ. ಅದಿಲ್ಲದೆ ಈ ಕಾಲದಲ್ಲಿ ಯಾರೂ 1,200 ಬಾಕ್ಸ್ ತೆಗೆಯಲ್ಲ. ಕೇಳಿ ನೋಡಿ.

ಮೂಡಲಸೀಮೆ

ಕೇಳಿದೆ. ಮೊದಲು "ಸ್ವಲ್ಪ" ಅಂದರು. ಪಂಪ್ ಮನೆಯಲ್ಲಿ ಖಾಲಿ ಚೀಲ ಎಣಿಸಿದೆ. 25 ಕೆ.ಜಿ.ಯ 19-19-19 ಚೀಲ ಆರು, ಕ್ಯಾಲ್ಸಿಯಂ ನೈಟ್ರೇಟ್ ನಾಲ್ಕು. ಒಟ್ಟು 44 ಕೆ.ಜಿ. ಸಾರಜನಕ. ಈಗ ಜಮಾ 502. ಕಾಣೆಯಾದದ್ದು 434, ಅಂದರೆ 21 ಮೂಟೆ. ಧನ್ಯವಾದ ಅಣ್ಣ, ಇನ್ನೂ ಎರಡು ಮೂಟೆ ಕಳೆದುಹಾಕಿಕೊಟ್ಟಿರಿ.

ಸುಮ್ನೆ_ಓದುವವ

ಪೊಲೀಸ್ ಕಂಪ್ಲೇಂಟ್ ಕೊಡಿ.

ಮಣ್ಣುಮೇಷ್ಟ್ರು

ಲೆಕ್ಕ ಚೆನ್ನಾಗಿದೆ. ಅವರೆ ಸಾಲು ಇದ್ದರೆ ಅದು ಗಾಳಿಯಿಂದ ಹಿಡಿದದ್ದೂ ಸೇರಬೇಕು, ಮಳೆಯಲ್ಲಿ ಬಂದ ಕೆಲವು ಕೆ.ಜಿ.ಯೂ ಸೇರಬೇಕು. ಆದರೆ ಅದರಿಂದ ನಿಮ್ಮ ಕಥೆ ಏನೂ ಬದಲಾಗಲ್ಲ. ಕಾಣೆಯಾದದ್ದು ಹೋಗಿರಬಹುದಾದ ಜಾಗ ನಾಲ್ಕೇ. ಮಣ್ಣು, ನೀರು, ಗಾಳಿಗೆ ಅಮೋನಿಯಾ ಆಗಿ, ಗಾಳಿಗೆ ಬೇರೆ ರೂಪದಲ್ಲಿ.

ಮಣ್ಣಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಜನ ಇದನ್ನೇ ಮರೆಯುತ್ತಾರೆ. ಒಂದು ಎಕರೆಯಲ್ಲಿ ಅರ್ಧ ಅಡಿ ಆಳದ ಮಣ್ಣು ಸುಮಾರು 9 ಲಕ್ಷ ಕೆ.ಜಿ. ತೂಗುತ್ತೆ. ನಮ್ಮ ಕೆಂಪು ಮಣ್ಣಿನಲ್ಲಿ ಸಾವಯವ ಇಂಗಾಲ ನೂರಕ್ಕೆ ಅರ್ಧ ಭಾಗ ಇದ್ದರೆ, ಸಾರಜನಕ ಅದರ ಹತ್ತನೇ ಒಂದರಷ್ಟು ಇರುತ್ತೆ. ಅಂದರೆ ಎಕರೆಗೆ ಸುಮಾರು 450 ಕೆ.ಜಿ. ನೀವು ಹಾಕುವ ಒಂದು ಮೂಟೆ ಅದರ ಮುಂದೆ ಏನೂ ಅಲ್ಲ. ಆದರೆ ಆ 450ರಲ್ಲಿ ವರ್ಷಕ್ಕೆ ನೂರಕ್ಕೆ ಎರಡೋ ಮೂರೋ ಭಾಗ ಮಾತ್ರ ಬಿಡುಗಡೆ ಆಗುತ್ತೆ. ಬ್ಯಾಂಕಿನಲ್ಲಿ ಇದೆ, ಆದರೆ ಎಟಿಎಂ ಮಿತಿ ಇದೆ. ಕೋಳಿ ಗೊಬ್ಬರ, ತಿಪ್ಪೆ ಗೊಬ್ಬರ ಹಾಕಿದಾಗ ಸ್ವಲ್ಪ ಈ ಖಾತೆಗೆ ಸೇರುತ್ತೆ. ಬರೀ ಯೂರಿಯಾ ಹಾಕಿದರೆ ಇಲ್ಲಿ ನಿಲ್ಲುವುದು ಕಡಿಮೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1986ರಿಂದ ಒಂದೇ ಜಾಗದಲ್ಲಿ ರಾಗಿ, ಮೆಕ್ಕೆಜೋಳ ಬೆಳೆದು ನೋಡುತ್ತಿದ್ದಾರೆ. ಬರೀ ಸಾರಜನಕ ಕೊಟ್ಟ ತಾಕು ವರ್ಷ ಕಳೆದಂತೆ ಹುಳಿಯಾಗಿ ಇಳುವರಿ ಬಿದ್ದುಹೋಯಿತು. ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ಜೊತೆ ಕೊಟ್ಟಿಗೆ ಗೊಬ್ಬರ ಕೊಟ್ಟ ತಾಕು ನಿಂತಿತು.

ಇನ್ನು ಅಮೋನಿಯಾ. ಒದ್ದೆ ನೆಲದ ಮೇಲೆ ಯೂರಿಯಾ ಎರಚಿ, ಮಣ್ಣು ಮುಚ್ಚದೆ, ಮಳೆಯೂ ಬರದೆ ಎರಡು ಮೂರು ಬಿಸಿಲು ಬಿದ್ದರೆ ಒಂದು ಪಾಲು ಗಾಳಿಗೆ ಹೋಯಿತು ಅಂತಲೇ. ಕೊಟ್ಟಿಗೆಯಲ್ಲಿ ಬೆಳಗ್ಗೆ ಬಾಗಿಲು ತೆಗೆದಾಗ ಕಣ್ಣು ಉರಿಯುತ್ತಲ್ಲ, ಅದೂ ನಿಮ್ಮ ಫೀಡ್ ದುಡ್ಡೇ. ಹಸು ತಿಂದ ಸಾರಜನಕದಲ್ಲಿ ಹಾಲಿಗೆ ಬರುವುದು ನಾಲ್ಕನೇ ಒಂದು ಭಾಗ ಅಂತ ಇಟ್ಟುಕೊಳ್ಳಿ. ಉಳಿದದ್ದು ಸಗಣಿ, ಗಂಜಲ. ಅದರಲ್ಲೂ ಬೇಗ ಹಾರುವುದು ಗಂಜಲದ್ದು.

ಮೂಡಲಸೀಮೆಯವರೇ, ಗಂಜಲ ಎಲ್ಲಿಗೆ ಹೋಗುತ್ತೆ ನಿಮ್ಮನೆಯಲ್ಲಿ?

ಮೂಡಲಸೀಮೆ

ಮೇಷ್ಟ್ರೇ, ಕಾಂಕ್ರೀಟ್ ನೆಲ ಹಾಕಿಸಿದ ಮೇಲೆ ಒಂದು ಚರಂಡಿ ಮಾಡಿ ತಿಪ್ಪೆ ಪಕ್ಕದ ಗುಂಡಿಗೆ ಬಿಟ್ಟಿದ್ದೇವೆ. ಗುಂಡಿಗೆ ತಳ ಇಲ್ಲ, ಬರೀ ಮಣ್ಣು. ಅಲ್ಲಿಂದ ಬೋರ್ 40 ಅಡಿ ದೂರ. ಬರೆಯುತ್ತಾ ಬರೆಯುತ್ತಾ ನನಗೇ ಗೊತ್ತಾಗುತ್ತಿದೆ.

ಮಣ್ಣುಮೇಷ್ಟ್ರು

ಮೊದಲು ನೀರು ಪರೀಕ್ಷೆ ಮಾಡಿಸಿ. ನೈಟ್ರೇಟ್ ಅಂತ ಬರೆದು ಕೊಡಿ, ಸಾರಜನಕ ನೀರಿನಲ್ಲಿ ಕರಗಿ ಇಳಿಯುವುದು ಹೆಚ್ಚಾಗಿ ಆ ರೂಪದಲ್ಲೇ. ರಾಗಿ ಮಲಗಿದ್ದಕ್ಕೆ ಉತ್ತರ ಅಲ್ಲೇ ಇರಬಹುದು.

ಕೆರೆಕಟ್ಟೆ

ಇಷ್ಟೆಲ್ಲ ಸುತ್ತಿ ಬಳಸಿ ಯಾಕೆ? ಕೋಲಾರದ ನೀರು ಕೆಟ್ಟಿದ್ದರೆ ಕಾರಣ ಎಲ್ಲರಿಗೂ ಗೊತ್ತು. ಬೆಂಗಳೂರಿನ ಕೊಳೆನೀರನ್ನು ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತುಂಬಿದ್ದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಮುಂದಿನ ತಿಂಗಳೇ ನೊರೆ ಕಾಣಿಸಿ ಹೈಕೋರ್ಟ್ ತಡೆ ಕೊಟ್ಟಿತು. ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ನಮ್ಮ ಟೊಮೆಟೊ, ಹಾಲು, ಸೊಪ್ಪು ತಿಂದು ನಮಗೆ ವಾಪಸ್ ಕೊಟ್ಟದ್ದು ಇದನ್ನ.

ಮೂಡಲಸೀಮೆ

ಅಣ್ಣ, ನಮ್ಮೂರ ಕೆರೆಗೆ ಆ ನೀರು ಇನ್ನೂ ಬಂದೇ ಇಲ್ಲ. ಮೇಲಿನ ಕೆರೆಗೂ ಬಂದಿಲ್ಲ.

ವೃಷಭಾವತಿ_ದಡ

ನಾನು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಎಸ್‌ಟಿಪಿ, ಅಂದರೆ ಕೊಳೆನೀರು ಶುದ್ಧ ಮಾಡುವ ಘಟಕ ನೋಡಿಕೊಳ್ಳುವವನು. ದೊಡ್ಡ ಘಟಕಗಳಲ್ಲೂ ಸ್ವಲ್ಪ ದಿನ ಇದ್ದೆ. ಈ ಚರ್ಚೆ ನೋಡಿ ನಿದ್ದೆ ಬರಲಿಲ್ಲ, ಕ್ಯಾಲ್ಕುಲೇಟರ್ ಹಿಡಿದು ಕೂತೆ.

ಒಬ್ಬ ಮನುಷ್ಯ ದಿನಕ್ಕೆ 60 ಗ್ರಾಂ ಪ್ರೋಟೀನ್ ತಿಂದರೆ ಸಾರಜನಕ 9.6 ಗ್ರಾಂ. ಬೆಳೆದು ನಿಂತ ಮೈ ಅದನ್ನು ಇಟ್ಟುಕೊಳ್ಳಲ್ಲ, ತಿಂದಷ್ಟೂ ಹೊರಗೆ ಬರುತ್ತೆ. ಹೆಚ್ಚು ಪಾಲು ಮೂತ್ರದಲ್ಲೇ. ಬೆಂಗಳೂರಿನ ಜನ 1.3 ಕೋಟಿ ಅಂತ ಇಟ್ಟುಕೊಳ್ಳಿ. ದಿನಕ್ಕೆ 125 ಟನ್ ಸಾರಜನಕ. ನಿಮ್ಮ ಭಾಷೆಯಲ್ಲಿ 6 ಸಾವಿರ ಮೂಟೆ ಯೂರಿಯಾ. ಹತ್ತು ಟನ್ನಿನ ಲಾರಿ ಆದರೆ 27 ಲೋಡು. ಪ್ರತಿ ದಿನ. ಭಾನುವಾರವೂ ರಜೆ ಇಲ್ಲ, ಅವತ್ತು ಮಾಂಸದೂಟ ಇರುವುದರಿಂದ ಸ್ವಲ್ಪ ಜಾಸ್ತಿಯೇ ಇರಬೇಕು.

ಈಗ ಕೆ.ಸಿ. ವ್ಯಾಲಿ, ಅಂದರೆ ಕೆರೆಕಟ್ಟೆಯವರು ಹೇಳಿದ, ಕೋಲಾರದ ಕೆರೆಗಳಿಗೆ ನೀರು ತುಂಬುವ ಯೋಜನೆ. ಯೋಜನೆಯ ಪ್ರಕಾರ ದಿನಕ್ಕೆ 44 ಕೋಟಿ ಲೀಟರ್. ಲೀಟರ್‌ಗೆ 10 ಮಿಲಿಗ್ರಾಂ ಸಾರಜನಕ ಇದೆ ಅಂತ ಹಿಡಿದರೆ ದಿನಕ್ಕೆ 4,400 ಕೆ.ಜಿ., ಅಂದರೆ 212 ಮೂಟೆ. 20 ಮಿಲಿಗ್ರಾಂ ಇದ್ದರೆ ಅದರ ಎರಡರಷ್ಟು. ಕಡಿಮೆ ಅಂತ ನಾನು ಹೇಳುತ್ತಿಲ್ಲ. ಆದರೆ 6 ಸಾವಿರದಲ್ಲಿ ವಾಪಸ್ ಹೋಗುತ್ತಿರುವುದು ಇಷ್ಟೇ.

ಉಳಿದದ್ದು? ಒಂದು ಪಾಲು ಸಂಸ್ಕರಣೆಯೇ ಆಗದೆ ರಾಜಕಾಲುವೆ, ಕೆರೆ, ನದಿ. ಇನ್ನೊಂದು ಪಾಲು ಶೌಚಾಲಯದ ಪಿಟ್‌ಗಳಿಂದ ನೆಲದೊಳಗೆ. ಸ್ವಲ್ಪ ಕೆಸರಿನಲ್ಲಿ. ಮತ್ತೊಂದನ್ನು ನಾವೇ ಗಾಳಿಗೆ ಬಿಡುತ್ತೇವೆ, ಅದು ನಮ್ಮ ಕೆಲಸ. ಬ್ಲೋವರ್ ಹಾಕಿ ಬ್ಯಾಕ್ಟೀರಿಯಾಗೆ ಗಾಳಿ ಕೊಟ್ಟರೆ ಅಮೋನಿಯಾ ನೈಟ್ರೇಟ್ ಆಗುತ್ತೆ. ಆಮೇಲೆ ಗಾಳಿ ನಿಲ್ಲಿಸಿದ ತೊಟ್ಟಿಯಲ್ಲಿ ಬೇರೆ ಬ್ಯಾಕ್ಟೀರಿಯಾ ಆ ನೈಟ್ರೇಟನ್ನು ಸಾರಜನಕ ಅನಿಲ ಮಾಡಿ ಮೇಲಕ್ಕೆ ಕಳಿಸುತ್ತೆ. ಮಂಗಳೂರು ಹತ್ತಿರ ಪಣಂಬೂರಿನಲ್ಲಿ ಯೂರಿಯಾ ಕಾರ್ಖಾನೆ ಇದೆಯಲ್ಲ, ಅಲ್ಲಿ ಗ್ಯಾಸ್ ಬಳಸಿ ಗಾಳಿಯಿಂದ ಹಿಡಿದದ್ದನ್ನು ಇಲ್ಲಿ ನಾನು ಕರೆಂಟು ಸುಟ್ಟು ಗಾಳಿಗೆ ಬಿಡುತ್ತೇನೆ. ಎರಡು ಕಡೆಯೂ ಸಂಬಳ ಕೊಡುತ್ತಾರೆ.

ಸುಮ್ನೆ_ಓದುವವ

ಕೊನೆಯ ಸಾಲು ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸುತ್ತೇನೆ.

ಕೆರೆಕಟ್ಟೆ

ಹಾಗಾದರೆ ಕೊಳೆನೀರೇ ಗೊಬ್ಬರ, ಕುಡಿದು ಸುಮ್ಮನಿರಿ ಅಂತಲಾ? ಅದರಲ್ಲಿ ಸೋಪು, ಕಾರ್ಖಾನೆ ನೀರು, ಲೋಹ ಇವೆಲ್ಲ ಎಲ್ಲಿ ಹೋದವು?

ವೃಷಭಾವತಿ_ದಡ

ಇಲ್ಲ ಅಣ್ಣ, ನಾನೂ ಅದನ್ನೇ ಹೇಳುತ್ತಿರುವುದು. ಒಂದು ಲೋಟ ಮೂತ್ರವನ್ನು ನೂರು ಲೋಟ ನೀರಿಗೆ ಹಾಕಿ, ಅದಕ್ಕೆ ಸೋಪು, ಎಣ್ಣೆ, ಪ್ಲೇಟಿಂಗ್ ಅಂಗಡಿ ನೀರು ಎಲ್ಲ ಬೆರೆಸಿ, ಆಮೇಲೆ ಬೇರೆ ಮಾಡು ಅಂದರೆ ನಾನೇನು ಮಾಡಲಿ? ಬೆರೆಸುವ ಮುಂಚೆ ಹಿಡಿದಿದ್ದರೆ ಗೊಬ್ಬರ. ಬೆರೆಸಿದ ಮೇಲೆ ಕೊಳಚೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಮನುಷ್ಯರ ಮೂತ್ರವನ್ನು ಬೇರೆಯಾಗಿ ಹಿಡಿದು ಮೆಕ್ಕೆಜೋಳಕ್ಕೆ ಕೊಟ್ಟು ನೋಡಿದ್ದಾರೆ, ಬೆಳೆ ಚೆನ್ನಾಗಿಯೇ ಬಂತು. ದೇವನಹಳ್ಳಿಯಲ್ಲಿ 2015ರಿಂದ ಪಿಟ್‌ಗಳ ಮಲವನ್ನು ಸಂಸ್ಕರಿಸುವ ಘಟಕ ಇದೆ. ಅದಕ್ಕೂ ಮುಂಚಿನಿಂದ ಹೊರವಲಯದಲ್ಲಿ ಪಿಟ್ ಖಾಲಿ ಮಾಡುವ ಲಾರಿಗಳು ಬಾಳೆ ತೋಟಕ್ಕೆ ಸುರಿಯುತ್ತಿದ್ದವು. ರೈತರೇ ಕರೆಸಿಕೊಳ್ಳುತ್ತಿದ್ದರು. ಅದರಲ್ಲಿ ಜಂತುಹುಳುವಿನ ಅಪಾಯ ಇದೆ, ಹಸಿಯಾಗಿ ತಿನ್ನುವ ಬೆಳೆಗೆ ಅದು ಬೇಡವೇ ಬೇಡ.

ಗೂಡು_ಮಾರ್ಕೆಟ್

ನಾವು ಶಿಡ್ಲಘಟ್ಟದವರು. ಎಲ್ಲರೂ ಟೊಮೆಟೊ, ಹಾಲು ಅಂತಿದ್ದೀರಿ, ನಮ್ಮ ರೇಷ್ಮೆ ನೆನಪಾಗಲಿಲ್ಲ.

ನೀರಾವರಿ ಹಿಪ್ಪುನೇರಳೆಗೆ, ಅದರಲ್ಲೂ ವಿ-1 ತಳಿಗೆ, ವರ್ಷಕ್ಕೆ ಹೆಕ್ಟೇರಿಗೆ 350 ಕೆ.ಜಿ. ಸಾರಜನಕ ಕೊಡಿ ಅಂತ ಶಿಫಾರಸು. ಎಕರೆಗೆ 140. ಯೂರಿಯಾದಲ್ಲೇ ಕೊಟ್ಟರೆ ಏಳು ಮೂಟೆ. ನಮ್ಮ ಒಂದು ಎಕರೆಯಲ್ಲಿ ಒಳ್ಳೆ ವರ್ಷ 800 ಕೆ.ಜಿ. ಗೂಡು ಆಗುತ್ತೆ. ಏಳು ಕೆ.ಜಿ. ಗೂಡಿಗೆ ಒಂದು ಕೆ.ಜಿ. ನೂಲು ಅಂದರೆ 114 ಕೆ.ಜಿ. ರೇಷ್ಮೆ. ರೇಷ್ಮೆ ಪೂರ್ತಿ ಪ್ರೋಟೀನ್, ಅದರಲ್ಲಿ ನೂರಕ್ಕೆ 18 ಸಾರಜನಕ. ಲೆಕ್ಕ ಹಾಕಿ, 20 ಕೆ.ಜಿ. ಚಿಲ್ಲರೆ. ಏಳು ಮೂಟೆ ಹಾಕಿ ಒಂದು ಮೂಟೆಯಷ್ಟು ನೂಲು ತೆಗೆದ ಹಾಗೆ.

ಆದರೆ ನಮ್ಮಲ್ಲಿ ಹುಳುವಿನ ಹಿಕ್ಕೆ, ತಿಂದು ಉಳಿದ ಕಡ್ಡಿ ಎಲ್ಲ ತೋಟಕ್ಕೇ ಹೋಗುತ್ತೆ. ಅದು ಒಳಗಿನ ವ್ಯವಹಾರ. ಗೂಡಿನೊಳಗಿನ ಹುಳು ಮಾತ್ರ ನೂಲು ತೆಗೆಯುವ ರೀಲರ್ ಹತ್ತಿರ ಉಳಿಯುತ್ತೆ, ಅಲ್ಲಿಂದ ಮೀನಿಗೋ ಕೋಳಿಗೋ ಹೋಗುತ್ತೆ. ಆ ಕೋಳಿ ಗೊಬ್ಬರವನ್ನು ಮತ್ತೆ ನಾನೇ ದುಡ್ಡು ಕೊಟ್ಟು ತರುತ್ತೇನೆ!

ಸುಮ್ನೆ_ಓದುವವ

ಅಂದರೆ ಮನೆಯವಳ ಅರ್ಧ ಕೆ.ಜಿ. ರೇಷ್ಮೆ ಸೀರೆಯಲ್ಲಿ 90 ಗ್ರಾಂ ಸಾರಜನಕ. ಒಂದು ಮೂಟೆ ಯೂರಿಯಾಗೆ 230 ಸೀರೆ. ಯೂರಿಯಾ ಮೂಟೆ 266 ರೂಪಾಯಿ 50 ಪೈಸೆ. ಅವಳಿಗೆ ಈ ಲೆಕ್ಕ ತೋರಿಸಲ್ಲ.

ಟೊಮೆಟೊ_ತಲೆನೋವು

266 ರೂಪಾಯಿಗೆ ಸಿಕ್ಕರೆ ತಾನೇ. ಕಳೆದ ಸಲ ಅಂಗಡಿಯವನು ಎರಡು ಮೂಟೆ ಕೊಡಬೇಕಾದರೆ ಒಂದು ಬಾಟಲಿ ಔಷಧಿನೂ ತಗೊಳ್ಳಲೇಬೇಕು ಅಂದ. ಮನೆಯಲ್ಲಿ ಅಂಥ ಆರು ಬಾಟಲಿ ಸಾಲಾಗಿ ನಿಂತಿವೆ. 2025ರ ಮುಂಗಾರಿನಲ್ಲಿ ರಾಜ್ಯದ ಎಷ್ಟೋ ಕಡೆ ಜನ ಕ್ಯೂ ನಿಂತದ್ದು ನೆನಪಿರಬೇಕಲ್ಲ. ಸಿಗದೆ ಇರಬಹುದು ಅನ್ನುವ ಭಯಕ್ಕೇ ನಾವು ಸಿಕ್ಕಾಗ ಎರಡು ಮೂಟೆ ಜಾಸ್ತಿ ತಂದು ಹಾಕುವುದು. ಟೊಮೆಟೊಗೆ ಒಂದು ಲಕ್ಷಕ್ಕಿಂತ ಮೇಲೆ ಬಂಡವಾಳ ಸುರಿದಿರುತ್ತೇವೆ. ಅದರಲ್ಲಿ ಯೂರಿಯಾ ಎಷ್ಟು? ಉಳಿಸಿ ಏನು ಸಿಗುತ್ತೆ ಹೇಳಿ. ಇನ್ಶೂರೆನ್ಸ್ ಕಟ್ಟಿದ ಹಾಗೆ ಹಾಕುತ್ತೇವೆ. ಇದನ್ನ ಲೆಕ್ಕದವರು ಅರ್ಥ ಮಾಡಿಕೊಳ್ಳಲ್ಲ.

ಮಣ್ಣುಮೇಷ್ಟ್ರು

ಅರ್ಥ ಆಗುತ್ತೆ ಮಾರಾಯರೇ. ಆ ಮೂಟೆಯ ನಿಜವಾದ ಬೆಲೆ ನೀವು ಕೊಡುವುದರ ಹಲವು ಪಟ್ಟು, ಉಳಿದದ್ದು ಸರ್ಕಾರದ ತಲೆ ಮೇಲೆ. ಯೂರಿಯಾ ಅಗ್ಗ, ಪೊಟ್ಯಾಷ್ ದುಬಾರಿ. ಹಾಗಾಗಿ ಕೈ ಅಲ್ಲಿಗೇ ಹೋಗುತ್ತೆ. ತಮಾಷೆ ಏನು ಗೊತ್ತಾ? ನಿಮ್ಮ ಒಂದು ಎಕರೆಯ ತಲೆ ಮೇಲೆ ನಿಂತಿರುವ ಗಾಳಿಯಲ್ಲಿ 30 ಸಾವಿರ ಟನ್‌ಗೆ ಹತ್ತಿರ ಸಾರಜನಕ ಇದೆ. ಅಷ್ಟರ ಕೆಳಗೆ ನಿಂತು ನಾವು ಒಂದು ಮೂಟೆಗೆ ಕ್ಯೂ ನಿಲ್ಲುತ್ತೇವೆ. ಅವರೆ ಬೇರಿನ ಗಂಟಿಗೆ ಮಾತ್ರ ಆ ಬೀಗ ತೆಗೆಯಲು ಗೊತ್ತು.

ಮಗುವಿನ_ತಾಯಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಬೋರ್ ನೀರಲ್ಲೂ ನೈಟ್ರೇಟ್ ಜಾಸ್ತಿ ಅಂತ ಒಂದು ಸಲ ಹೇಳಿದ್ದರು. ಮಗುವಿಗೆ ಐದು ತಿಂಗಳು. ನಾನು ನೀರು ಚೆನ್ನಾಗಿ ಕುದಿಸಿ ಆರಿಸಿ ಪುಡಿ ಹಾಲು ಕಲಸುತ್ತೇನೆ. ಸಾಕಲ್ವಾ?

ಮಣ್ಣುಮೇಷ್ಟ್ರು

ಸಾಲದು ತಾಯಿ. ಇದನ್ನು ದಯವಿಟ್ಟು ಇವತ್ತೇ ನಿಲ್ಲಿಸಿ. ಕುದಿಸಿದರೆ ಕ್ರಿಮಿ ಸಾಯುತ್ತೆ, ನೈಟ್ರೇಟ್ ಹೋಗಲ್ಲ. ನೀರು ಆವಿಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತೆ. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರ್ ಇದ್ದರೂ ಹೋಗಲ್ಲ. ಆರ್‌ಒ ಆದರೆ ಹೆಚ್ಚಿನದ್ದು ತೆಗೆಯುತ್ತೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಮಗುವಿಗೆ ಅದನ್ನೇ ಬಳಸಿ. ಆ ನೀರನ್ನೂ ಕುದಿಸಿ ಆರಿಸಿಯೇ ಕೊಡಿ. ಆರು ತಿಂಗಳೊಳಗಿನ ಮಕ್ಕಳಿಗೇ ಇದರ ಅಪಾಯ ಜಾಸ್ತಿ. ರಕ್ತ ಆಮ್ಲಜನಕ ಹೊರುವುದು ಕಡಿಮೆಯಾಗಿ ತುಟಿ, ಉಗುರು ನೀಲಿಯಾಗಬಹುದು. ಹಾಗೆ ಏನಾದರೂ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಕಾಣದಿದ್ದರೂ ಒಂದು ಸಲ ಡಾಕ್ಟರಿಗೆ ಹೇಳಿಡಿ.

ಉಳಿದವರಿಗೂ ಹೇಳುತ್ತೇನೆ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರ್‌ಗೆ 45 ಮಿಲಿಗ್ರಾಂ ನೈಟ್ರೇಟ್. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದಲ್ಲಿ ಪರೀಕ್ಷೆ ಮಾಡಿದ ನೂರು ಮಾದರಿಗಳಲ್ಲಿ 49ರಷ್ಟು ಈ ಮಿತಿ ದಾಟಿದ್ದವು. ದೇಶದಲ್ಲಿ ರಾಜಸ್ಥಾನ ಬಿಟ್ಟರೆ ನಾವೇ. ಅಷ್ಟಕ್ಕೂ ಕೆ.ಸಿ. ವ್ಯಾಲಿ ಕಾರಣ ಅಲ್ಲ ಕೆರೆಕಟ್ಟೆಯವರೇ. ನಮ್ಮ ತಿಪ್ಪೆ, ನಮ್ಮ ಪಿಟ್, ನಮ್ಮ ಮೂಟೆ ಎಲ್ಲಕ್ಕೂ ಅದರಲ್ಲಿ ಪಾಲಿದೆ.

ಮಗುವಿನ_ತಾಯಿ

ಇವತ್ತೇ ಕ್ಯಾನ್ ತರಿಸಿದೆ. ನಾಳೆ ಡಾಕ್ಟರ್ ಹತ್ತಿರ ಹೋಗುತ್ತೇವೆ. ತುಂಬಾ ಉಪಕಾರ ಆಯ್ತು ಸರ್.

ಕೆರೆಕಟ್ಟೆ

49 ಅನ್ನುವುದು ನನಗೆ ಗೊತ್ತಿರಲಿಲ್ಲ. ಆದರೂ ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನುವುದನ್ನು ಬಿಡಲ್ಲ.

ವೃಷಭಾವತಿ_ದಡ

ಬಿಡಬೇಡಿ. ಕೇಳುವವರು ಇದ್ದರೇ ನಮಗೂ ಹೊಸ ಮೋಟಾರ್ ಸಿಗುವುದು.

ಮೂಡಲಸೀಮೆ (ಎರಡು ವಾರದ ಮೇಲೆ)

ರಿಪೋರ್ಟ್ ಬಂತು. ನಮ್ಮ ಬೋರ್ ನೀರಿನಲ್ಲಿ ನೈಟ್ರೇಟ್ ಲೀಟರ್‌ಗೆ 110 ಮಿಲಿಗ್ರಾಂ. ಮಿತಿಯ ಎರಡೂವರೆ ಪಟ್ಟು. ಕುಡಿಯಲು ಕ್ಯಾನ್ ನೀರೇ, ಪುಣ್ಯ. ಮೇಷ್ಟ್ರೇ, ಇದನ್ನು ಮೂಟೆಗೆ ತಿರುಗಿಸುವುದು ಹೇಗೆ?

ಮಣ್ಣುಮೇಷ್ಟ್ರು

ನೈಟ್ರೇಟ್‌ನಲ್ಲಿ ಸಾರಜನಕದ ಪಾಲು 62ಕ್ಕೆ 14. ನಾಲ್ಕೂವರೆಯಿಂದ ಭಾಗಿಸಿದರೆ ಸಾಕು. 110 ಅಂದರೆ ಹೆಚ್ಚು ಕಡಿಮೆ 25 ಮಿಲಿಗ್ರಾಂ ಸಾರಜನಕ. ಟೊಮೆಟೊಗೆ ಒಂದು ಬೆಳೆಗೆ 15 ಲಕ್ಷ ಲೀಟರ್ ಬಿಟ್ಟಿದ್ದರೆ 37 ಕೆ.ಜಿ. ನೀವು ಮಾರಿದ 1,200 ಬಾಕ್ಸ್ ಹಣ್ಣಿನಲ್ಲಿ ಇದ್ದದ್ದು 27 ಅಲ್ವಾ? ಹಣ್ಣಿನೊಳಗೆ ಹೋದದ್ದಕ್ಕಿಂತ ಜಾಸ್ತಿ ನಿಮ್ಮ ನೀರೇ ಕೊಟ್ಟಿದೆ, ಒಂದು ಕಾಳು ಯೂರಿಯಾ ಹಾಕದೆ. ಗಿಡಕ್ಕೂ ಎಲೆಗೂ ಬೇಕು, ಹಾಗಾಗಿ ಬರೀ ನೀರು ಸಾಲದು. ಆದರೆ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮೇಲಿಂದ ಅಷ್ಟೂ ಹಾಕಿದಿರಿ.

ರಾಗಿಯೂ ಹಾಗೇ. ಮಳೆ ಆಶ್ರಯದ ರಾಗಿಗೆ ಶಿಫಾರಸು ಹೆಕ್ಟೇರಿಗೆ 50 ಕೆ.ಜಿ., ಎಕರೆಗೆ 20, ಸರಿಯಾಗಿ ಒಂದು ಮೂಟೆ. ನೀರಾವರಿ ಆದರೆ ಎಕರೆಗೆ 40. ನೀವು ಹಾಕಿದ್ದು ಒಂದೇ ಮೂಟೆ ನಿಜ. ಆದರೆ ಟೊಮೆಟೊ ಬಿಟ್ಟುಹೋದದ್ದು ನೆಲದಲ್ಲಿತ್ತು, ನೀರಿನಲ್ಲಿ ಇನ್ನಷ್ಟು ಬಂತು. ದಂಟು ಮೆತ್ತಗೆ ಉದ್ದ ಬೆಳೆಯಿತು. ಮಳೆ ಬರೀ ನೆಪ. ನಿಮ್ಮಮ್ಮ ಹೇಳಿದ್ದೇ ಸರಿ.

ಮೂಡಲಸೀಮೆ

ಅಮ್ಮನಿಗೆ ಓದಿ ಹೇಳಿದೆ. "ಇದಕ್ಕೆ ಎರಡು ವಾರ ಬೇಕಿತ್ತಾ" ಅಂದರು.

ಈಗ ಜಮಾ ಪಕ್ಕದಲ್ಲಿ ನೀರಿನ 37 ಸೇರಿಸುತ್ತೇನೆ. 502 ಇದ್ದದ್ದು 539 ಆಯಿತು.

ತಗ್ಗುನಾಡು

ಅಲ್ಲೇ ತಡೆಯಿರಿ. ಅದನ್ನು ಸೇರಿಸಬೇಡಿ.

ನಾನು ಹಾಸನದವನು, ಈಗ ನೆದರ್ಲೆಂಡ್ಸ್‌ನಲ್ಲಿ ಹೈನು ರೈತರ ಲೆಕ್ಕ ನೋಡುವ ಕೆಲಸ. ಆ 37 ಕೆ.ಜಿ. ಎಲ್ಲಿಂದ ಬಂತು? ನಿಮ್ಮ ಹೊಲದಿಂದಲೇ ಇಳಿದು ಬೋರ್ ಸೇರಿದ್ದರೆ ಅದು ನಿಮ್ಮ ಹಳೆಯ ಯೂರಿಯಾನೇ. ಒಂದೇ ನೋಟನ್ನು ಎರಡು ಸಲ ಎಣಿಸಿದ ಹಾಗೆ. ಮೇಲಿನವರ ಹೊಲದಿಂದ ಬಂದಿದ್ದರೆ ಮಾತ್ರ ಅದು ನಿಮಗೆ ಜಮಾ, ಅವರಿಗೆ ನಷ್ಟ. ಗೆರೆ ಎಲ್ಲಿ ಎಳೆದಿರಿ ಅನ್ನುವುದರ ಮೇಲೆ ಲೆಕ್ಕ ನಿಂತಿದೆ. ಗೆರೆಯನ್ನು ಹೊಲಕ್ಕೆ ಎಳೆದರೆ ಒಂದು ಉತ್ತರ, ಊರಿಗೆ ಎಳೆದರೆ ಇನ್ನೊಂದು, ಕೋಲಾರ ಮತ್ತು ಬೆಂಗಳೂರು ಸೇರಿಸಿ ಎಳೆದರೆ ಮತ್ತೊಂದು.

ಇಲ್ಲಿ 1998ರಲ್ಲಿ ನೀವು ಮಾಡಿದಂಥದ್ದೇ ಗೇಟಿನ ಲೆಕ್ಕವನ್ನು ಕಾನೂನು ಮಾಡಿದ್ದರು. ಒಳಗೆ ಬಂದದ್ದರಲ್ಲಿ ಹೊರಗೆ ಹೋದದ್ದು ಕಳೆದು, ಮಿತಿ ಮೀರಿದ್ದಕ್ಕೆ ದಂಡ. ಯುರೋಪಿನ ನ್ಯಾಯಾಲಯ ಒಪ್ಪಲಿಲ್ಲ, 2006ರ ಹೊತ್ತಿಗೆ ಕೈಬಿಟ್ಟರು. ಎಷ್ಟು ಹಾಕುತ್ತೀರಿ ಅನ್ನುವುದಕ್ಕೇ ಮಿತಿ ಇರಬೇಕು ಅನ್ನುವುದು ಅವರ ವಾದ. 2019ರಲ್ಲಿ ಇಲ್ಲಿನ ಉನ್ನತ ನ್ಯಾಯಾಲಯ ಸಾರಜನಕದ ಪರವಾನಗಿ ಪದ್ಧತಿಯನ್ನೇ ರದ್ದು ಮಾಡಿತು, ರೈತರು ಟ್ರ್ಯಾಕ್ಟರ್ ತಂದು ಹೆದ್ದಾರಿ ತುಂಬಿಸಿದರು. ಇಲ್ಲಿನ ಹಸುಗಳೂ ಹೊರದೇಶದ ಸೋಯಾ ತಿಂದೇ ಹಾಲು ಕೊಡುವುದು. ನಿಮ್ಮ ಹಸು ತಿನ್ನುವ ಫೀಡ್ ಕೂಡ ನಿಮ್ಮ ಜಿಲ್ಲೆಯದಲ್ಲ, ಅಲ್ವಾ? ಇನ್ಯಾರದೋ ಹೊಲದ ಸಾರಜನಕ ನಿಮ್ಮ ಗುಂಡಿಗೆ ಇಳಿಯುತ್ತಿದೆ.

ಮೂಡಲಸೀಮೆ

ಸರಿ ಸರ್, 37 ಅನ್ನು ಪಕ್ಕಕ್ಕೆ ಬರೆದಿಟ್ಟೆ. "ವಿವಾದಿತ" ಅಂತ ತಲೆಬರಹ.

ನಮ್ಮ ಮೇಲೆ ಒಬ್ಬರದು 5 ಎಕರೆ ಟೊಮೆಟೊ, ಕ್ಯಾಪ್ಸಿಕಂ ಇದೆ. ಅವರ ಹೊಲ ಇಳಿಜಾರಿನಲ್ಲಿದೆ. ಆದರೆ ನಮ್ಮ ಗಂಜಲದ ಗುಂಡಿ 40 ಅಡಿ ದೂರ. ಯಾರದು ಎಷ್ಟು ಅಂತ ಹೇಗೆ ಹೇಳುವುದು?

ಮಣ್ಣುಮೇಷ್ಟ್ರು

ಪ್ರಯೋಗಾಲಯದಲ್ಲಿ ಸಾರಜನಕದ ಐಸೋಟೋಪ್ ನೋಡಿ ಗೊಬ್ಬರದ್ದಾ, ಗಂಜಲದ್ದಾ ಅಂತ ಅಂದಾಜು ಮಾಡುತ್ತಾರೆ. ನಿಮಗೆ ಅದೆಲ್ಲ ಬೇಡ. ಗುಂಡಿಗೆ ಸಿಮೆಂಟ್ ತಳ ಹಾಕಿಸಿ, ಗಂಜಲ ಹಿಡಿದು ನೀರು ಬೆರೆಸಿ ಬೆಳೆಗೆ ಕೊಡಿ. ತಿಪ್ಪೆಗೆ ಮಳೆ ನೀರು ನುಗ್ಗದ ಹಾಗೆ ಬದು ಕಟ್ಟಿ, ಮೇಲೆ ಸ್ವಲ್ಪ ಮಣ್ಣೋ ಹುಲ್ಲೋ ಮುಚ್ಚಿ. ಬೋರ್‌ನಲ್ಲಿ ಬದಲಾವಣೆ ಕಾಣಲು ವರ್ಷಗಳು ಬೇಕಾಗಬಹುದು. ಕಲ್ಲಿನ ಬಿರುಕಿನಲ್ಲಿ ನಿಂತ ನೀರಿಗೆ ಅವಸರ ಇರಲ್ಲ.

ಟೊಮೆಟೊ_ತಲೆನೋವು

ನಾನೂ ನೀರು ಕೊಟ್ಟು ಬಂದೆ. 70. ಈ ಸಲ ಎರಡು ಸಾಲಿಗೆ ಮಾತ್ರ ಯೂರಿಯಾ ಅರ್ಧ ಮಾಡಿ ನೋಡುತ್ತೇನೆ. ಎರಡೇ ಸಾಲು. ಯಾರಿಗೂ ಹೇಳಬೇಡಿ.

ಮೂಡಲಸೀಮೆ (ಮೂರು ತಿಂಗಳ ಮೇಲೆ)

ಗುಂಡಿಗೆ ತಳ ಹಾಕಿಸಿದೆವು. ಮುಂಗಾರು ರಾಗಿಗೆ ಅಪ್ಪ ಅರ್ಧ ಮೂಟೆಗೆ ಒಪ್ಪಿದರು. ಒಪ್ಪಿದ್ದು ಲೆಕ್ಕ ನೋಡಿ ಅಲ್ಲ, ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ. ಅಕ್ಕಡಿ ಸಾಲಿಗೆ ಅವರೆ, ತೊಗರಿ ಹಾಕಿದ್ದೇವೆ, ಅದು ಅಮ್ಮನ ಹಟ. ಪೈರು ಮೊಣಕಾಲಿಗಿಂತ ಸ್ವಲ್ಪ ಮೇಲಿದೆ. ಈ ಸಲ ಯಾರೂ ನಿಂತು ನೋಡುತ್ತಿಲ್ಲ, ಅದೇ ಸಮಾಧಾನ.

ತಗ್ಗುನಾಡು

ಮೇಲಿನ 5 ಎಕರೆಯವರನ್ನು ಮಾತಾಡಿಸಿದಿರಾ? ಅವರ ಲೆಕ್ಕ ಇಲ್ಲದೆ ನಿಮ್ಮ ಬೋರ್ ಅರ್ಥ ಆಗಲ್ಲ.

ಮೂಡಲಸೀಮೆ

ಮೊದಲು ಹೋದಾಗ ಸಬ್ಸಿಡಿ ತನಿಖೆಗೆ ಬಂದವನು ಅಂದುಕೊಂಡರು. ಆಮೇಲೆ ನಮ್ಮಪ್ಪನ ಜೊತೆ ಹೋದೆ, ಕಾಫಿ ಕೊಟ್ಟರು. ಅವರ ಮಗಳು ಪಿಯುಸಿ ಓದುತ್ತಾಳೆ, ಗೊಬ್ಬರದ ಖರ್ಚೆಲ್ಲ ಒಂದು ನೋಟ್‌ಬುಕ್‌ನಲ್ಲಿ ನೀಟಾಗಿ ಬರೆದಿಟ್ಟಿದ್ದಾಳೆ. ನಿನ್ನೆ ಸಂಜೆ ಅದನ್ನೇ ಕೈಗೆ ಕೊಟ್ಟು, "ಅಂಕಲ್, ನಮ್ಮ ನೀರೂ ಪರೀಕ್ಷೆ ಮಾಡಿಸಿಕೊಡಿ" ಅಂದಳು. ಬಾಟಲಿ ತುಂಬಿಸಿಕೊಂಡು ಬಂದಿದ್ದೇನೆ. ನೋಟ್‌ಬುಕ್ ಮೊದಲ ಪುಟ ಮಾತ್ರ ನೋಡಿದೆ. ಏಪ್ರಿಲ್ ತಿಂಗಳು ಒಂದಕ್ಕೇ 22 ಮೂಟೆ.